ಹಳೇ ಜೀಪಿನ ಸ್ಟೀರಿಂಗ್ ಬಾಕ್ಸಿಗೆ ಆಯಿಲ್ ಹಾಕುವುದು: ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಕೆಲಸ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಹಳೇ ಜೀಪು ಇಟ್ಟುಕೊಂಡವರು ಇಂಜಿನ್ ಆಯಿಲ್ ತಪ್ಪದೆ ಬದಲಿಸುತ್ತಾರೆ. ಬ್ರೇಕ್ ನೋಡಿಸುತ್ತಾರೆ. ಗೇರ್ ಬಾಕ್ಸ್, ಕ್ರೌನ್ ಆಯಿಲ್ ಕೂಡ ವರ್ಷಕ್ಕೊಮ್ಮೆ ನೆನಪಾಗುತ್ತದೆ. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ದಾಟಿಸುವ ಡಬ್ಬಿ, ಅಂದರೆ ಸ್ಟೀರಿಂಗ್ ಬಾಕ್ಸ್ ಮಾತ್ರ ನೆನಪಾಗುವುದಿಲ್ಲ. ಅದು ಬಾನೆಟ್ ಅಡಿಯಲ್ಲಿ ಚಾಸಿಗೆ ಅಂಟಿಕೊಂಡು, ಕೆಸರು ಮೆತ್ತಿಕೊಂಡು ಕೂತಿರುತ್ತದೆ. ಸದ್ದು ಮಾಡುವುದಿಲ್ಲ. ಒಳಗಿನ ಆಯಿಲ್ ಪೂರ್ತಿ ಸೋರಿ ಹೋದರೂ ಗಾಡಿ ಓಡುತ್ತಲೇ ಇರುತ್ತದೆ. ಸ್ಟೀರಿಂಗ್ ಭಾರ ಆಗಿದೆ, ಪ್ಲೇ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುವುದು) ಜಾಸ್ತಿ ಆಗಿದೆ ಅಂತ ಗೊತ್ತಾಗುವ ಹೊತ್ತಿಗೆ ಒಳಗಿನ ಬೇರಿಂಗ್ ಸವೆದಿರುತ್ತದೆ.

ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ ರಸ್ತೆಗಳಲ್ಲಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಲೇ ಇರಬೇಕು. ತೋಟದ ದಾರಿಯಲ್ಲಿ ಕಲ್ಲು, ಗುಂಡಿಯ ಪೆಟ್ಟು ಬೇರೆ. ಬಯಲು ಸೀಮೆಯ ಗಾಡಿಗಿಂತ ನಮ್ಮ ಗಾಡಿಯ ಬಾಕ್ಸಿಗೆ ಕೆಲಸ ಜಾಸ್ತಿ, ಅಲ್ವಾ? ಹಾಗಾಗಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಒಂದು ಸಲ ಈ ಕೆಲಸ ಮಾಡಿಬಿಡಿ. ಮಳೆ ಮುಗಿದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮುಂಚೆ ಇನ್ನೊಂದು ಸಲ ಬಾಕ್ಸಿನ ಬಿರಡೆ (ಆಯಿಲ್ ಹಾಕುವ ಪ್ಲಗ್) ತೆಗೆದು ನೋಡಿ. ಕೈ ಕೊಳೆ ಮಾಡಿಕೊಳ್ಳಲು ಸಿದ್ಧರಿದ್ದರೆ ಗ್ಯಾರೇಜಿಗೆ ಹೋಗಲೇಬೇಕು ಅಂತಿಲ್ಲ.

ನಿಮ್ಮ ಗಾಡಿಯಲ್ಲಿ ಇರುವುದು ಬಾಕ್ಸೋ, ರ‍್ಯಾಕೋ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಎಲ್ಲಾ ಹಳೇ ಗಾಡಿಗಳಲ್ಲೂ ಸ್ಟೀರಿಂಗ್ ಬಾಕ್ಸ್ ಇರುವುದಿಲ್ಲ. ಅಂಬಾಸಿಡರ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳಲ್ಲಿ ಇರುವುದು ರ‍್ಯಾಕ್ ಮತ್ತು ಪಿನಿಯನ್. ಮುಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ಮಧ್ಯೆ ಒಂದು ಉದ್ದನೆಯ ಕೊಳವೆ, ಅದರ ಎರಡೂ ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಕಾಣುತ್ತದೆ. ಅದು ರ‍್ಯಾಕ್. ಅದಕ್ಕೆ ಈ ಲೇಖನದ ಕ್ರಮ ಹೊಂದುವುದಿಲ್ಲ. ರ‍್ಯಾಕಿನಲ್ಲಿ ಮುಖ್ಯವಾದುದು ಆ ರಬ್ಬರ್ ಬೂಟು ಹರಿಯದಂತೆ ನೋಡಿಕೊಳ್ಳುವುದು. ಹರಿದರೆ ಒಳಗೆ ಕೆಸರು ನೀರು ಹೋಗುತ್ತದೆ, ಇದ್ದ ಆಯಿಲ್ ಹೊರಗೆ ಬರುತ್ತದೆ. ಗ್ರೀಸ್ ಗನ್ ಇಟ್ಟು ಬಲವಂತವಾಗಿ ತುಂಬಿದರೂ ಬೂಟು ಉಬ್ಬಿ ಒಡೆಯುತ್ತದೆ.

ಜೀಪು, ಪದ್ಮಿನಿ, ಹಳೇ ಲ್ಯಾಂಡ್ ರೋವರ್ ಇವುಗಳಲ್ಲಿ ಬಾಕ್ಸ್ ಇದೆ. ಸ್ಟೀರಿಂಗ್ ಕಂಬದ ಕೆಳ ತುದಿಯಲ್ಲಿ ಎರಕದ ಒಂದು ದಪ್ಪ ಡಬ್ಬಿ ಕಾಣುತ್ತದೆ. ಅದರಿಂದ ಒಂದು ಗಟ್ಟಿ ಶಾಫ್ಟ್ ಹೊರಗೆ ಬಂದಿರುತ್ತದೆ. ಶಾಫ್ಟಿನ ತುದಿಗೆ ಡ್ರಾಪ್ ಆರ್ಮ್ ಎಂಬ ತೋಳನ್ನು ಸಿಕ್ಕಿಸಿರುತ್ತಾರೆ. ನಾನು ಇಲ್ಲಿ ಮುಖ್ಯವಾಗಿ ಜೀಪಿನ ಬಗ್ಗೆಯೇ ಬರೆಯುತ್ತಿದ್ದೇನೆ, ನಮ್ಮ ಕಡೆ ಹೆಚ್ಚು ಉಳಿದಿರುವುದು ಅದೇ. ಆದರೆ ಬೇರೆ ಬಾಕ್ಸುಗಳಿಗೂ ಕ್ರಮ ಹೆಚ್ಚುಕಡಿಮೆ ಇದೇ.

ಒಂದು ಎಚ್ಚರಿಕೆ. ನಿಮ್ಮ ಜೀಪಿಗೆ ಯಾರಾದರೂ ಪವರ್ ಸ್ಟೀರಿಂಗ್ ಕೂರಿಸಿದ್ದರೆ ಅದಕ್ಕೆ ಬೇರೆಯೇ ಆಯಿಲ್, ಬೇರೆಯೇ ಟ್ಯಾಂಕ್. ಬಾಕ್ಸಿಗೆ ಎರಡು ಹೋಸ್ ಪೈಪು ಬಂದು ಸೇರಿದ್ದರೆ ಅದು ಪವರ್ ಸ್ಟೀರಿಂಗ್. ಅದಕ್ಕೆ ಗೇರ್ ಆಯಿಲ್ ಹಾಕಬೇಡಿ.

ಡಬ್ಬಿಯ ಒಳಗೆ ಏನಿದೆ

ಇದು ತಿಳಿದರೆ ಯಾವ ಆಯಿಲ್, ಎಷ್ಟು ಆಯಿಲ್, ಯಾಕೆ ಗ್ರೀಸ್ ಬೇಡ ಎಂಬುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ರಾಸ್ ಕಂಪನಿಯ ಕ್ಯಾಮ್ ಮತ್ತು ಲಿವರ್ ಮಾದರಿಯ ಬಾಕ್ಸ್ ಇತ್ತು. ಮಹೀಂದ್ರ ಕಂಪನಿ 1947ರಲ್ಲಿ ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿತು. ವಿಲ್ಲೀಸ್ ಸಿಜೆ 3ಬಿ ಮಾದರಿಯಲ್ಲೂ ಇದೇ ಬಗೆಯ ಬಾಕ್ಸ್ ಇದೆ. ಸ್ಟೀರಿಂಗ್ ಕಂಬದ ತುದಿಯಲ್ಲಿ ಸುರುಳಿಯಾಕಾರದ ಆಳವಾದ ತೋಡು ಕೊರೆದ ಒಂದು ಉಕ್ಕಿನ ತುಂಡು ಇರುತ್ತದೆ. ಅದೇ ಕ್ಯಾಮ್. ಅದರ ಮೇಲೂ ಕೆಳಗೂ ಗುಂಡಿನ ಬೇರಿಂಗ್ ಇವೆ. ಪಕ್ಕದಲ್ಲಿ ಲಿವರ್ ಶಾಫ್ಟ್. ಅದಕ್ಕೆ ಚೂಪಾದ ಎರಡು ಪಿನ್ನುಗಳಿವೆ. ಪಿನ್ನುಗಳು ಕ್ಯಾಮಿನ ಸುರುಳಿಯೊಳಗೆ ಕೂತಿರುತ್ತವೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಸುರುಳಿ ತಿರುಗಿ ಪಿನ್ನನ್ನು ಅತ್ತ ಇತ್ತ ತಳ್ಳುತ್ತದೆ. ಲಿವರ್ ಶಾಫ್ಟ್ ತಿರುಗುತ್ತದೆ. ಡ್ರಾಪ್ ಆರ್ಮ್ ಅಲ್ಲಾಡುತ್ತದೆ. ಅದು ಡ್ರ್ಯಾಗ್ ಲಿಂಕನ್ನು (ಚಕ್ರದ ಕಡೆಗೆ ಹೋಗುವ ಕಂಬಿ) ಎಳೆದು ಚಕ್ರ ತಿರುಗಿಸುತ್ತದೆ.

ಪಿನ್ನು ಮತ್ತು ಸುರುಳಿ ಒಂದಕ್ಕೊಂದು ಒತ್ತಿಕೊಂಡು ಜಾರುತ್ತವೆ. ಲೋಹದ ಮೇಲೆ ಲೋಹ ಹೀಗೆ ಜಾರುವ ಜಾಗದಲ್ಲಿ ಯಾವಾಗಲೂ ಆಯಿಲ್ ಪದರ ಇರಬೇಕು. ಆಯಿಲ್ಲಿಗೆ ಇನ್ನೊಂದು ಗುಣವೂ ಬೇಕು. ಪಿನ್ನು ತಳ್ಳಿದಾಗ ಪಕ್ಕಕ್ಕೆ ಸರಿದ ಆಯಿಲ್ ಮತ್ತೆ ಅದೇ ಜಾಗಕ್ಕೆ ಹರಿದು ಬರಬೇಕು.

ಗ್ರೀಸ್ ಸೋಲುವುದು ಇಲ್ಲಿಯೇ. ಗಟ್ಟಿ ಗ್ರೀಸನ್ನು ಪಿನ್ನು ಒಮ್ಮೆ ಪಕ್ಕಕ್ಕೆ ತಳ್ಳಿದರೆ ಅದು ಅಲ್ಲೇ ಗೋಡೆಗೆ ಅಂಟಿ ಕೂರುತ್ತದೆ. ವಾಪಸ್ ಬರುವುದಿಲ್ಲ. ಡಬ್ಬಿ ತುಂಬ ಗ್ರೀಸ್ ಇದ್ದರೂ ಪಿನ್ನು, ಸುರುಳಿ, ಮೇಲಿನ ಬೇರಿಂಗ್ ಒಣಗಿಯೇ ಇರುತ್ತವೆ. ಬಿರಡೆ ತೆಗೆದು ನೋಡಿದವರಿಗೆ ತುಂಬಿದಂತೆ ಕಾಣುತ್ತದೆ. ಮೋಸ ಆಗುವುದೇ ಹಾಗೆ.

"ಅಣ್ಣಾ, ಆಯಿಲ್ ನಿಲ್ತಿಲ್ಲ, ಗ್ರೀಸ್ ಹೊಡೆದುಬಿಡ್ತೀನಿ" ಅಂತ ಗ್ಯಾರೇಜಿನ ಹುಡುಗ ಕೇಳಿದರೆ ದಯವಿಟ್ಟು ಬೇಡ ಅನ್ನಿ. "ಬೇಡಪ್ಪಾ, ಸೀಲ್ ಬದಲಿಸು" ಅನ್ನಿ. ಸೀಲ್ ಅಂದರೆ ಶಾಫ್ಟ್ ಹೊರಬರುವ ಜಾಗದಲ್ಲಿ ಆಯಿಲ್ ತಡೆಯುವ ಬಳೆ, ಬಹಳ ಅಗ್ಗದ ಸಾಮಾನು. ಕ್ಯಾಮ್ ಮತ್ತು ಲಿವರ್ ಶಾಫ್ಟ್ ಹಾಗಲ್ಲ. ಒಳ್ಳೆಯದು ಸಿಗಬೇಕಾದರೆ ಬೆಂಗಳೂರಿನ ಜೆಸಿ ರಸ್ತೆಯವರೆಗೂ ಅಲೆಯಬೇಕಾಗುತ್ತದೆ.

ಯಾವ ಆಯಿಲ್?

ಗೇರ್ ಆಯಿಲ್. ಬಾಕ್ಸ್ ಸೋರದೆ ಚೆನ್ನಾಗಿದ್ದರೆ 90. ವಯಸ್ಸಾದ ಬಾಕ್ಸ್, ಸ್ವಲ್ಪ ಸವೆದಿದೆ, ಅಲ್ಪಸ್ವಲ್ಪ ಜಿನುಗುತ್ತದೆ ಅಂದರೆ 140. ನಂಬರು ದೊಡ್ಡದಾದಷ್ಟೂ ಆಯಿಲ್ ಮಂದ. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆದಾಗ 90ರ ಸ್ನಿಗ್ಧತೆ (ಮಂದತನ) 13.5 ಸೆಂಟಿಸ್ಟೋಕ್‌ನಿಂದ ಶುರುವಾಗುತ್ತದೆ, 140ರದು 24ರಿಂದ. ಅಂಗಡಿಯಲ್ಲಿ 80ಡಬ್ಲ್ಯೂ-90, 85ಡಬ್ಲ್ಯೂ-140 ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಅದೇ ನಮಗೆ ಬೇಕಾದ್ದು. ಹಿಮ ಬೀಳುವ ದೇಶಗಳಲ್ಲಿ 140 ಹಾಕಿದರೆ ಬೆಳಿಗ್ಗೆ ಸ್ಟೀರಿಂಗ್ ತಿರುಗುವುದೇ ಕಷ್ಟ. ನಮ್ಮಲ್ಲಿ ಜನವರಿಯ ರಾತ್ರಿಯಲ್ಲೂ ಅಂಥ ಚಳಿ ಇಲ್ಲ. ಹಾಗಾಗಿ ಮಲೆನಾಡಿನ ಹಳೇ ಜೀಪಿಗೆ ನಾನು 140 ಅನ್ನೇ ಮೆಚ್ಚುತ್ತೇನೆ.

ಡಬ್ಬದ ಮೇಲೆ ಇನ್ನೊಂದು ಗುರುತು ನೋಡಿ: ಜಿಎಲ್-4 ಅಥವಾ ಜಿಎಲ್-5. ಎರಡರಲ್ಲೂ ಭಾರಿ ಒತ್ತಡ ತಡೆಯಲು ಗಂಧಕ, ರಂಜಕದ ರಾಸಾಯನಿಕ ಸೇರಿಸಿರುತ್ತಾರೆ. ಜಿಎಲ್-5ರಲ್ಲಿ ಜಾಸ್ತಿ. ಈ ರಾಸಾಯನಿಕ ಕೆಲವು ಸಲ ಕಂಚು, ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ. ಹಳೇ ಬಾಕ್ಸುಗಳಲ್ಲಿ ಶಾಫ್ಟ್ ಕೂರುವ ಬುಷ್ ಕಂಚಿನದಾಗಿರಬಹುದು. ಜಿಎಲ್-4 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಜೀಪಿನ ಬಾಕ್ಸಿಗೆ ಕಾಲು ಲೀಟರ್ ಒಳಗೇ ಸಾಕು. ಒಂದು ಲೀಟರ್ ಡಬ್ಬ ತಂದರೆ ಉಳಿದದ್ದು ಮುಂದಿನ ಸಲಕ್ಕಾಯಿತು.

ಸೀಲ್ ಹಾಳಾಗಿದೆ, ಬದಲಿಸಲು ಈಗ ಪುರುಸೊತ್ತಿಲ್ಲ, ಮಳೆ ಬಂದೇಬಿಟ್ಟಿತು ಅನ್ನುವವರಿಗೆ ಒಂದು ನಡುವಿನ ದಾರಿ ಇದೆ. ಗ್ರೀಸುಗಳಲ್ಲೂ ನಂಬರಿದೆ. ಚಕ್ರದ ಬೇರಿಂಗಿಗೆ, ನಿಪ್ಪಲ್ಲುಗಳಿಗೆ (ಗ್ರೀಸ್ ಹೊಡೆಯುವ ಸಣ್ಣ ಮೂತಿಗಳು) ಹಾಕುವುದು 2 ಅಥವಾ 3ನೇ ನಂಬರು. ಅದು ಬಾಕ್ಸಿಗೆ ಬೇಡವೇ ಬೇಡ. ಆದರೆ 00 ನಂಬರಿನ ಗ್ರೀಸ್ ಅರೆದ್ರವ. ಬಾಟಲಿ ಬಗ್ಗಿಸಿದರೆ ನಿಧಾನವಾಗಿ ಸುರಿಯುತ್ತದೆ. ಪಿನ್ನು ತಳ್ಳಿದ ಜಾಗಕ್ಕೆ ಮತ್ತೆ ಹರಿದು ಬರುತ್ತದೆ, ಸಣ್ಣ ಸಂದಿಯಲ್ಲಿ ಆಯಿಲ್ಲಿನಷ್ಟು ಬೇಗ ಸೋರುವುದಿಲ್ಲ. ಒಳ್ಳೆಯ ಲೂಬ್ರಿಕೆಂಟ್ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಮಾಮೂಲಿ ಗ್ರೀಸಿಗೆ ಆಯಿಲ್ ಕಲಸಿ ಮನೆಯಲ್ಲೇ ಮಾಡಿಕೊಳ್ಳಬೇಡಿ. ಸ್ವಲ್ಪ ದಿನದಲ್ಲಿ ಆಯಿಲ್ ಬೇರೆ, ಗ್ರೀಸ್ ಬೇರೆ ಆಗುತ್ತದೆ.

ಸಾಮಾನು ಜೋಡಿಸಿಕೊಳ್ಳಿ

ಆಯಿಲ್, ಸ್ಪ್ಯಾನರ್ ಸೆಟ್, ದೊಡ್ಡ ಸ್ಕ್ರೂ ಡ್ರೈವರ್, ತಂತಿ ಬ್ರಷ್, ಕಾಟನ್ ವೇಸ್ಟ್, ಅರ್ಧ ಲೀಟರ್ ಡೀಸೆಲ್, ಹಳೇ ಆಯಿಲ್ ಹಿಡಿಯಲು ಒಂದು ಡಬ್ಬ. ಜಾಕ್, ಅದರ ಜೊತೆಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿಗಳು. ಮೆಡಿಕಲ್ ಶಾಪಿನಲ್ಲಿ 50 ಎಂಎಲ್‌ನ ದೊಡ್ಡ ಸಿರಿಂಜ್ ಸಿಗುತ್ತದೆ. ಅದರ ಮೂತಿಗೆ ಒಂದು ಗೇಣು ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ. ಬಾಕ್ಸಿನಿಂದ ಹಳೇ ಆಯಿಲ್ ಎಳೆಯಲು, ಹೊಸದನ್ನು ಹಾಕಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಬಾಕ್ಸಿನ ಬಾಯಿ ಇಕ್ಕಟ್ಟಾದ ಜಾಗದಲ್ಲಿರುತ್ತದೆ, ಅಲ್ಲಿಗೆ ಲಾಳಿಕೆಯಾಗಲಿ ಡಬ್ಬವಾಗಲಿ ಹೋಗುವುದಿಲ್ಲ.

ಕೆಲಸ ಶುರು

1. ಗಾಡಿ ನಿಲ್ಲಿಸುವುದು. ಕಾಫಿ ಒಣಗಿಸುವ ಕಣ ಇದ್ದರೆ ಅದೇ ಒಳ್ಳೆಯ ಜಾಗ, ಗಟ್ಟಿಯಾಗಿ ಸಮವಾಗಿ ಇರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಮುಂದಿನ ಚಕ್ರ ನೇರ ಮಾಡಿ. ಮುಂಭಾಗ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಅಥವಾ ದಿಮ್ಮಿ ಕೊಟ್ಟು ಇಳಿಸಿ. ಚಕ್ರ ನೆಲದಿಂದ ಎರಡು ಬೆರಳು ಮೇಲಿದ್ದರೆ ಸಾಕು. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ. ಒಬ್ಬರೇ ಇದ್ದಾಗ ಗಾಡಿಯ ಅಡಿಗೆ ಹೋಗಲೇಬೇಡಿ.

2. ಮೊದಲು ತಿರುಗಿಸಿ ನೋಡಿ. ಚಕ್ರ ಮೇಲಿದ್ದಾಗ ಸ್ಟೀರಿಂಗನ್ನು ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಎಲ್ಲಾದರೂ ಹಿಡಿದಂತೆ ಆಗುತ್ತದಾ, ಗರಗರ ಅನ್ನಿಸುತ್ತದಾ ಗಮನಿಸಿ. ಈಗಿನ ಅನುಭವ ನೆನಪಿರಲಿ, ಕೆಲಸ ಮುಗಿದ ಮೇಲೆ ಹೋಲಿಸಿ ನೋಡಬಹುದು.

ಭಾರ ಇದ್ದರೆ ತಪ್ಪು ಬಾಕ್ಸಿನದೇ ಅಂತ ತೀರ್ಮಾನ ಮಾಡಬೇಡಿ. ಡ್ರಾಪ್ ಆರ್ಮಿನಿಂದ ಡ್ರ್ಯಾಗ್ ಲಿಂಕ್ ಬಿಚ್ಚಿ ಮತ್ತೆ ತಿರುಗಿಸಿ. ಈಗ ಹಗುರ ಆಯಿತೆಂದರೆ ಬಾಕ್ಸ್ ಸರಿ ಇದೆ, ಕಾಯಿಲೆ ಕೆಳಗಿನ ಲಿಂಕುಗಳಲ್ಲೋ ಕಿಂಗ್ ಪಿನ್ನಿನಲ್ಲೋ (ಮುಂದಿನ ಚಕ್ರ ಅತ್ತಿತ್ತ ತಿರುಗುವ ಅಚ್ಚು) ಇದೆ. ಆಗಲೂ ಭಾರವೇ ಅಂದರೆ ಬಾಕ್ಸ್ ಒಣಗಿದೆ, ಇಲ್ಲವೇ ಯಾರೋ ಬಾಕ್ಸಿನ ಹೊಂದಾಣಿಕೆ ಸ್ಕ್ರೂ (ಪ್ಲೇ ಕಡಿಮೆ ಮಾಡುವ ಸ್ಕ್ರೂ) ಅತಿಯಾಗಿ ಬಿಗಿದಿದ್ದಾರೆ.

3. ತೊಳೆಯುವುದು, ಆದರೆ ಪೈಪ್ ಬೇಡ. ಬಾಕ್ಸಿನ ಮೇಲಿನ ಕೆಸರನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ. ಬಿರಡೆಯ ಸುತ್ತ ಒಂದು ಕಣ ಮಣ್ಣೂ ಇರಬಾರದು. ತೆಗೆದ ತಕ್ಷಣ ಒಳಗೆ ಬೀಳುವುದು ಅದೇ. ವಾಟರ್ ಸರ್ವಿಸ್ ಮಾಡಿಸುವಾಗಲೂ ಪೈಪನ್ನು ಬಾಕ್ಸಿನ ಬಿರಡೆ, ಡ್ರಾಪ್ ಆರ್ಮ್ ಶಾಫ್ಟಿನ ಕಡೆ ಹತ್ತಿರದಿಂದ ಹಿಡಿಯಬೇಡಿ ಅಂತ ಹೇಳಿ. ಹಳೇ ಸೀಲ್ ಆ ರಭಸ ತಡೆಯುವುದಿಲ್ಲ.

4. ಬಿರಡೆ ತೆಗೆಯಿರಿ. ಬಾಕ್ಸಿನ ಮೇಲ್ಭಾಗದಲ್ಲೋ, ಸ್ಟೀರಿಂಗ್ ಕಂಬದ ಕೊಳವೆ ಬಾಕ್ಸಿಗೆ ಸೇರುವ ಜಾಗದಲ್ಲೋ ಒಂದು ಸಣ್ಣ ಪ್ಲಗ್ ಇರುತ್ತದೆ. ಅದನ್ನೂ ಹೊಂದಾಣಿಕೆ ಸ್ಕ್ರೂವನ್ನೂ ಗೊಂದಲ ಮಾಡಿಕೊಳ್ಳಬೇಡಿ. ಹೊಂದಾಣಿಕೆ ಸ್ಕ್ರೂ ಪಕ್ಕದ ಮುಚ್ಚಳದ ಮಧ್ಯದಲ್ಲಿರುತ್ತದೆ, ಅದರ ಸುತ್ತ ಚೆಕ್ ನಟ್ ಇರುತ್ತದೆ. ಚೆಕ್ ನಟ್ ಇದ್ದರೆ ಅದನ್ನು ಸದ್ಯಕ್ಕೆ ಮುಟ್ಟಬೇಡಿ.

5. ಒಳಗೆ ಏನಿದೆ ನೋಡಿ. ಈ ಹಂತಕ್ಕೆ ಸಮಯ ಕೊಡಿ. ಟಾರ್ಚ್ ಬಿಟ್ಟು, ಶುದ್ಧವಾದ ತಂತಿಯ ತುಂಡು ಇಳಿಸಿ ತೆಗೆಯಿರಿ. ತಂತಿಗೆ ಕಂದು ಬಣ್ಣದ ತಿಳಿ ಆಯಿಲ್ ಅಂಟಿದರೆ ಬಾಕ್ಸ್ ಆರೋಗ್ಯವಾಗಿದೆ. ಮಟ್ಟ ಕಡಿಮೆ ಇದ್ದರೆ ತುಂಬಿದರೆ ಸಾಕು.

ಹಾಲು ಹಾಕಿದ ಕಾಫಿಯಂತಿದ್ದರೆ ಒಳಗೆ ನೀರು ಹೋಗಿದೆ. ಹಳ್ಳ ದಾಟುವ ಜೀಪುಗಳಲ್ಲಿ ಇದು ಸಾಮಾನ್ಯ. ಪೂರ್ತಿ ತೆಗೆದು ತೊಳೆಯಲೇಬೇಕು, ಮೇಲೆ ಹೊಸ ಆಯಿಲ್ ಸುರಿದರೆ ಪ್ರಯೋಜನ ಇಲ್ಲ. ಬೇರಿಂಗಿನ ಗುಂಡುಗಳಿಗೆ ತುಕ್ಕು ಹಿಡಿಯುವುದು ಈ ನೀರಿನಿಂದಲೇ.

ಆಯಿಲ್ಲಿನಲ್ಲಿ ಮಿರಮಿರ ಮಿಂಚುವ ಪುಡಿ ಇದ್ದರೆ ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿ. ನುಣ್ಣಗಿನ ಪುಡಿ ಹಳೇ ಬಾಕ್ಸಿನಲ್ಲಿ ಇರುತ್ತದೆ. ಬೆರಳಿಗೆ ಚುಚ್ಚುವಂಥ ಚಕ್ಕೆ ಸಿಕ್ಕರೆ ಬೇರಿಂಗೋ ಪಿನ್ನೋ ಒಡೆಯುತ್ತಿದೆ. ಅಲ್ಲಿಗೆ ಕೆಲಸ ನಿಲ್ಲಿಸಿ, ಬಾಕ್ಸ್ ಬಿಚ್ಚಿಸಿ. ಅಂಥ ಗಾಡಿಯನ್ನು ಘಾಟಿಗೆ ತೆಗೆದುಕೊಂಡು ಹೋಗಬೇಡಿ.

ತಂತಿ ಇಳಿಯದೆ ಗಟ್ಟಿ ಗ್ರೀಸಿಗೆ ತಾಗಿದರೆ ಅದಕ್ಕೆ ಬೇರೆ ದಾರಿ ಇದೆ, ಮುಂದೆ ಬರೆದಿದ್ದೇನೆ.

6. ಹಳೇ ಆಯಿಲ್ ತೆಗೆಯುವುದು. ಹೆಚ್ಚಿನ ಹಳೇ ಬಾಕ್ಸುಗಳಿಗೆ ಕೆಳಗೆ ಡ್ರೈನ್ ಪ್ಲಗ್ ಇರುವುದಿಲ್ಲ. ಟ್ಯೂಬನ್ನು ತಳ ಮುಟ್ಟುವವರೆಗೆ ಇಳಿಸಿ ಸಿರಿಂಜಿನಿಂದ ಎಳೆಯಿರಿ. ಸ್ವಲ್ಪ ಓಡಿಸಿ ಬಂದ ಮೇಲೆ, ಇಲ್ಲವೇ ಬಿಸಿಲಿನಲ್ಲಿ ನಿಲ್ಲಿಸಿದ್ದಾಗ ಈ ಕೆಲಸ ಮಾಡಿದರೆ ಆಯಿಲ್ ತೆಳ್ಳಗಾಗಿ ಸಲೀಸಾಗಿ ಬರುತ್ತದೆ. ಸಹಾಯಕ್ಕೆ ಬಂದವರಿಗೆ ಮಧ್ಯೆ ಮಧ್ಯೆ ಸ್ಟೀರಿಂಗ್ ತಿರುಗಿಸಲು ಹೇಳಿ. ಮೂಲೆಯಲ್ಲಿ ನಿಂತದ್ದು ಕೆಳಗಿಳಿಯುತ್ತದೆ.

ನೀರು ಸೇರಿದ್ದರೆ ನೂರು ಎಂಎಲ್ ಡೀಸೆಲ್ ಹಾಕಿ, ಸ್ಟೀರಿಂಗನ್ನು ಆರಾಮಾಗಿ ಎರಡೂ ಕಡೆ ತಿರುಗಿಸಿ, ಎಳೆದು ತೆಗೆಯಿರಿ. ಶುದ್ಧವಾಗಿ ಬರುವವರೆಗೂ ಮತ್ತೆ ಮಾಡಿ. ಡೀಸೆಲ್ ಒಳಗೇ ಉಳಿದರೆ ಹೊಸ ಆಯಿಲ್ ತೆಳ್ಳಗಾಗುತ್ತದೆ. ಅದಕ್ಕೇ ಕೊನೆಗೆ ಸ್ವಲ್ಪ ಗೇರ್ ಆಯಿಲ್ ಹಾಕಿ, ತಿರುಗಿಸಿ, ಅದನ್ನೂ ಎಳೆದು ಬಿಸಾಕಬೇಕು.

ಬಿಸಾಕಬೇಕು ಅಂದೆ, ಎಲ್ಲಿಗೆ? ಗಿಡದ ಬುಡಕ್ಕೂ ಅಲ್ಲ, ಹಳ್ಳಕ್ಕೂ ಅಲ್ಲ. ತುಂಗೆ, ಭದ್ರೆ, ಹೇಮಾವತಿ ಮೂರೂ ಹುಟ್ಟುವುದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಇಲ್ಲಿ ಹಳ್ಳಕ್ಕೆ ಬಿದ್ದ ಆಯಿಲ್ ಯಾರದೋ ಕುಡಿಯುವ ನೀರಿಗೆ ಸೇರುತ್ತದೆ. ಕ್ಯಾನಿನಲ್ಲಿ ಕೂಡಿಟ್ಟು, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

7. ಹೊಸ ಆಯಿಲ್ ತುಂಬುವುದು. ಅವಸರ ಬೇಡ. 140 ಮಂದ, ತಳ ಸೇರಲು ಸಮಯ ಬೇಕು. ಸ್ವಲ್ಪ ಹಾಕಿ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ. ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಮತ್ತೆ ಹಾಕಿ. ಆಯಿಲ್ ಬಿರಡೆಯ ರಂಧ್ರದ ಕೆಳ ಅಂಚು ಮುಟ್ಟಿದಾಗ ನಿಲ್ಲಿಸಿ. ಅಷ್ಟೇ ಮಟ್ಟ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ಸ್ವಲ್ಪ ಇಳಿದಿರುತ್ತದೆ. ಆಗ ಸರಿ ಮಾಡಿ.

ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಇಲ್ಲ. ಆಯಿಲ್ ಬಿಸಿಗೆ ಹಿಗ್ಗುತ್ತದೆ. ಅದಕ್ಕೆ ಜಾಗ ಇರದಿದ್ದರೆ ಸೀಲಿನ ಕಡೆಯಿಂದ ಹೊರಗೆ ನುಗ್ಗುತ್ತದೆ. ಕೆಲವು ಬಿರಡೆಗಳಲ್ಲಿ ಗಾಳಿಯಾಡಲು ಸೂಜಿಯಷ್ಟು ಸಣ್ಣ ತೂತು ಇರುತ್ತದೆ. ನಿಮ್ಮದರಲ್ಲಿದ್ದರೆ ಅದನ್ನು ತಂತಿಯಿಂದ ಬಿಡಿಸಿ ಶುದ್ಧ ಮಾಡಿ, ಆಮೇಲೆ ಬಿರಡೆ ಹಾಕಿ.

8. ರಟ್ಟು ಹಾಸಿ. ಬಾಕ್ಸನ್ನು ಹೊರಗೆಲ್ಲ ಒರೆಸಿ ಒಣಗಿಸಿ. ಅಡಿಯಲ್ಲಿ ಒಂದು ರಟ್ಟು ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹನಿ ಬಿದ್ದಿದ್ದರೆ ಎಲ್ಲಿಂದ ಅಂತ ಬೆರಳಾಡಿಸಿ ಹುಡುಕಿ. ಪಕ್ಕದ ಮುಚ್ಚಳದ ಅಂಚಿನಲ್ಲಿ ಒದ್ದೆ ಇದ್ದರೆ ಪ್ಯಾಕಿಂಗ್ ಹೋಗಿದೆ, ಇಲ್ಲವೇ ಬೋಲ್ಟು ಸಡಿಲ. ಚೆಕ್ ನಟ್ ಸುತ್ತ ಒದ್ದೆ ಇದ್ದರೆ ಸ್ಕ್ರೂವಿನ ಥ್ರೆಡ್ಡಿನ ಸಂದಿಯಿಂದ ಬರುತ್ತಿದೆ. ಡ್ರಾಪ್ ಆರ್ಮಿನ ಮೇಲೆ ಒದ್ದೆ ಇದ್ದರೆ ಶಾಫ್ಟ್ ಸೀಲ್. ಹೆಚ್ಚಿನ ಸಲ ಇದೇ ಆಗಿರುತ್ತದೆ. ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಹಾರ್ನ್ ವೈರಿನ ಸಣ್ಣ ಕೊಳವೆ ಬಾಕ್ಸಿನ ಕೆಳ ತುದಿಯಿಂದ ಹೊರಬರುತ್ತದೆ, ಅಲ್ಲಿಯ ನಟ್ ಸಡಿಲವಾದರೂ ಆಯಿಲ್ ಇಳಿಯುತ್ತದೆ.

ಸೀಲ್ ಬದಲಿಸುವುದು

ಡ್ರಾಪ್ ಆರ್ಮ್ ಬಿಚ್ಚದೆ ಸೀಲ್ ಬದಲಿಸಲು ಆಗುವುದಿಲ್ಲ. ಮೊದಲು ಆರ್ಮ್ ಮತ್ತು ಶಾಫ್ಟ್ ಎರಡರ ಮೇಲೂ ಒಂದೇ ಗೆರೆಯಾಗುವಂತೆ ಗುರುತು ಹಾಕಿ. ಶಾಫ್ಟಿನಲ್ಲಿ ಹಲ್ಲುಗಳಿವೆ. ವಾಪಸ್ ಹಾಕುವಾಗ ಒಂದೇ ಒಂದು ಹಲ್ಲು ತಪ್ಪಿದರೂ ಸ್ಟೀರಿಂಗ್ ನೇರ ಇರುವಾಗ ಚಕ್ರ ನೇರ ಇರುವುದಿಲ್ಲ. ಒಂದು ಕಡೆ ಜಾಸ್ತಿ ತಿರುಗಿ ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ಘಾಟಿ ತಿರುವಿನಲ್ಲಿ ಅದು ಅಪಾಯ.

ನಟ್ ಬಿಚ್ಚಿದ ಮೇಲೆ ಆರ್ಮ್ ಸುಲಭಕ್ಕೆ ಬರುವುದಿಲ್ಲ. ಪುಲ್ಲರ್ (ಎಳೆದು ಬಿಡಿಸುವ ಸಾಧನ) ಬೇಕೇ ಬೇಕು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ. ಆ ಪೆಟ್ಟು ನೇರವಾಗಿ ಒಳಗಿನ ಪಿನ್ನಿಗೆ, ಕ್ಯಾಮಿಗೆ, ಹೊಂದಾಣಿಕೆ ಸ್ಕ್ರೂವಿಗೆ ಬೀಳುತ್ತದೆ. ಪುಲ್ಲರ್ ಇಲ್ಲದಿದ್ದರೆ ಇದೊಂದು ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸಿ, ಆದರೆ ಎದುರಿಗೆ ನಿಂತು ಮಾಡಿಸಿ.

ಆರ್ಮ್ ತೆಗೆದ ಮೇಲೆ ಶಾಫ್ಟನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಲೊಡಲೊಡ ಅಂದರೆ ಬುಷ್ ಸವೆದಿದೆ. ಬುಷ್ ಬದಲಿಸದೆ ಹೊಸ ಸೀಲ್ ಹಾಕಿದರೆ ಅದೂ ಬೇಗ ಸೋರುತ್ತದೆ, ಶಾಫ್ಟ್ ಅಲ್ಲಾಡುತ್ತಿದ್ದರೆ ಯಾವ ಸೀಲ್ ತಾನೇ ಹಿಡಿದೀತು? ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಲೇತಿನವರಿಗೆ ತೋರಿಸಿ.

ಹಳೇ ಸೀಲನ್ನು ಕಿತ್ತು, ಅದನ್ನೇ ಅಂಗಡಿಗೆ ಒಯ್ಯಿರಿ. ಒಳ ಅಳತೆ, ಹೊರ ಅಳತೆ, ದಪ್ಪ ಈ ಮೂರೂ ಹೊಂದಬೇಕು. ಹಾಕುವಾಗ ಸ್ಪ್ರಿಂಗ್ ಇರುವ ತುಟಿ ಆಯಿಲ್ ಕಡೆಗೆ, ಅಂದರೆ ಒಳಮುಖವಾಗಿ ಇರಬೇಕು. ತುಟಿಗೆ ಆಯಿಲ್ ಸವರಿ, ಶಾಫ್ಟಿನ ಹಲ್ಲುಗಳ ಮೇಲೆ ಒಂದು ಸುತ್ತು ಟೇಪ್ ಸುತ್ತಿ, ಅದರ ಮೇಲಿನಿಂದ ಜಾರಿಸಿ. ಟೇಪ್ ಇಲ್ಲದಿದ್ದರೆ ಹಲ್ಲು ತಾಗಿ ಹೊಸ ಸೀಲ್ ಅಲ್ಲೇ ಹರಿಯುತ್ತದೆ. ಸರಿಯಾದ ಅಳತೆಯ ಪೈಪಿನ ತುಂಡು ಇಟ್ಟು ಸಮವಾಗಿ ತಟ್ಟಿ ಕೂರಿಸಿ. ಕೊನೆಗೆ ಗುರುತು ನೋಡಿ ಆರ್ಮ್ ಹಾಕಿ, ವಾಷರ್ ಮರೆಯದೆ ನಟ್ಟನ್ನು ಪೂರ್ತಿ ಬಿಗಿ ಮಾಡಿ. ಈ ನಟ್ ಬಿಚ್ಚಿಕೊಂಡರೆ ಕೈಯಲ್ಲಿ ಸ್ಟೀರಿಂಗ್ ಇರುತ್ತದೆ, ಚಕ್ರ ಕೇಳುವುದಿಲ್ಲ. ಬಿಗಿ ಮಾಡಿದ ಮೇಲೆ ಇನ್ನೊಬ್ಬರ ಕೈಯಲ್ಲೂ ಒಮ್ಮೆ ನೋಡಿಸಿ.

ಈಗಾಗಲೇ ಗ್ರೀಸ್ ತುಂಬಿದ್ದರೆ

ಹಳೇ ಜೀಪು ಕೊಂಡವರಿಗೆ ಹೆಚ್ಚಾಗಿ ಸಿಗುವುದು ಇದೇ. ಸರಿಯಾದ ಮದ್ದು ಒಂದೇ, ಬಾಕ್ಸ್ ಇಳಿಸಿ, ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಹೊಸ ಸೀಲ್ ಮತ್ತು ಪ್ಯಾಕಿಂಗ್ ಹಾಕಿ ಜೋಡಿಸುವುದು. ಅದಕ್ಕೆ ಸಮಯವಿಲ್ಲದಿದ್ದರೆ ಪಕ್ಕದ ಮುಚ್ಚಳ ತೆಗೆಯಿರಿ. ತೆಗೆಯುವ ಮುಂಚೆ ಚೆಕ್ ನಟ್ ಸಡಿಲಿಸಿ ಹೊಂದಾಣಿಕೆ ಸ್ಕ್ರೂವನ್ನು ಸ್ವಲ್ಪ ಹಿಂದಕ್ಕೆ ಬಿಡಿ, ಎಷ್ಟು ಸುತ್ತು ಬಿಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಕೈಗೆ, ಮರದ ಕಡ್ಡಿಗೆ ಸಿಕ್ಕಷ್ಟು ಗ್ರೀಸನ್ನು ಕೆದಕಿ ತೆಗೆಯಿರಿ. ಹೊಸ ಪ್ಯಾಕಿಂಗ್ ಹಾಕಿ ಮುಚ್ಚಿ, ಸ್ಕ್ರೂವನ್ನು ಅಷ್ಟೇ ಸುತ್ತು ವಾಪಸ್ ತಂದು ಚೆಕ್ ನಟ್ ಬಿಗಿದು, ಆಯಿಲ್ ತುಂಬಿ. ಮೂಲೆಯಲ್ಲಿ ಉಳಿದ ಗ್ರೀಸ್ ನಿಧಾನವಾಗಿ ಆಯಿಲ್ಲಿನಲ್ಲಿ ಸಡಿಲವಾಗುತ್ತದೆ. ಒಂದೆರಡು ತಿಂಗಳು ಬಿಟ್ಟು ಆ ಆಯಿಲ್ ಎಳೆದು ಹೊಸದು ಹಾಕಿ.

ಸ್ಕ್ರೂ ಮುಟ್ಟುವ ಮುಂಚೆ

ಪ್ಲೇ ಜಾಸ್ತಿ ಇದೆ ಅಂದ ಕೂಡಲೇ ಸ್ಕ್ರೂ ಬಿಗಿಯುವ ಅಭ್ಯಾಸ ನಮ್ಮಲ್ಲಿದೆ. ಬಾಕ್ಸುಗಳು ಸವೆದು ಹಾಳಾಗುವುದಕ್ಕಿಂತ ಹೀಗೆ ಬಿಗಿದು ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ಟೀರಿಂಗ್ ವ್ಹೀಲಿನಲ್ಲಿ ಪ್ಲೇ 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ ಅಂದುಕೊಳ್ಳಿ. ಅದು ಕೊನೆಯ ಮಿತಿ. ಘಾಟಿಯಲ್ಲಿ ಓಡಿಸುವ ಗಾಡಿಗೆ ಅಷ್ಟೂ ಇರಬಾರದು. ಚಕ್ರ ನೆಲದ ಮೇಲಿಟ್ಟು, ಒಬ್ಬರಿಗೆ ಸ್ಟೀರಿಂಗನ್ನು ಅತ್ತಿತ್ತ ಅಲ್ಲಾಡಿಸಲು ಹೇಳಿ, ನೀವು ಡ್ರಾಪ್ ಆರ್ಮ್ ನೋಡಿ. ಸ್ಟೀರಿಂಗ್ ಅಲ್ಲಾಡಿದರೂ ಆರ್ಮ್ ಅಲ್ಲಾಡದಿದ್ದರೆ ಪ್ಲೇ ಬಾಕ್ಸಿನದು. ಆರ್ಮ್ ಅಲ್ಲಾಡಿಯೂ ಚಕ್ರ ಅಲ್ಲಾಡದಿದ್ದರೆ ಡ್ರ್ಯಾಗ್ ಲಿಂಕ್, ಟೈ ರಾಡ್, ಅಥವಾ ಮುಂದಿನ ಬೆಲ್ ಕ್ರ್ಯಾಂಕ್ (ಡ್ರ್ಯಾಗ್ ಲಿಂಕಿನ ಎಳೆತವನ್ನು ಟೈ ರಾಡುಗಳಿಗೆ ದಾಟಿಸುವ ತೋಳು). ಹಳೇ ಜೀಪುಗಳಲ್ಲಿ ಬೆಲ್ ಕ್ರ್ಯಾಂಕ್ ಸವೆತ ಬಹಳ. ಬಾಕ್ಸ್ ಚಾಸಿಗೆ ಕೂತ ಬೋಲ್ಟುಗಳನ್ನೂ ನೋಡಿ. ಅವು ಸಡಿಲವಾಗಿದ್ದರೆ ಬಾಕ್ಸೇ ಅಲ್ಲಾಡುತ್ತದೆ.

ಪ್ಲೇ ಬಾಕ್ಸಿನದೇ ಅಂತ ಖಚಿತವಾದರೆ ಡ್ರ್ಯಾಗ್ ಲಿಂಕ್ ಬಿಚ್ಚಿ. ಮೊದಲು ಸ್ಟೀರಿಂಗ್ ಕಂಬವನ್ನು ಮೇಲೆ ಕೆಳಗೆ ಎಳೆದು ನೋಡಿ. ಆಟ ಇದ್ದರೆ ಮೇಲಿನ ಮುಚ್ಚಳದ ಅಡಿಯ ಶಿಮ್‌ಗಳಲ್ಲಿ (ತೆಳು ಬಿಲ್ಲೆಗಳು) ಒಂದನ್ನು ತೆಗೆದು ಬೇರಿಂಗ್ ಸರಿ ಮಾಡಬೇಕು. ಅದಾದ ಮೇಲೆ ಪಕ್ಕದ ಸ್ಕ್ರೂ. ಚಕ್ರ ನೇರ ಇರುವ ಸ್ಥಿತಿಯಲ್ಲೇ ಅದನ್ನು ಬಿಗಿಯಬೇಕು. ಕ್ಯಾಮಿನ ಸುರುಳಿಯನ್ನು ಮಧ್ಯದಲ್ಲಿ ಬೇಕೆಂದೇ ಸ್ವಲ್ಪ ಬಿಗಿಯಾಗಿ ಕೊರೆದಿರುತ್ತಾರೆ. ನೇರ ಓಡುವಾಗ ಪ್ಲೇ ಕಡಿಮೆ ಇರಲಿ ಅಂತ. ಸ್ಟೀರಿಂಗ್ ಒಂದು ಕಡೆ ತಿರುಗಿರುವಾಗ ಬಿಗಿದರೆ ಮಧ್ಯಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ. ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡುತ್ತಾ, ಪ್ರತಿ ಸಲ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಿ. ಮಧ್ಯ ದಾಟುವಾಗ ಕೈಗೆ ತುಸು ಹಿಡಿತ ಸಿಗಬೇಕು, ಬೇರೆ ಕಡೆ ಸಲೀಸಾಗಿ ತಿರುಗಬೇಕು. ಆಗ ಸ್ಕ್ರೂ ಅಲ್ಲಾಡದಂತೆ ಹಿಡಿದು ಚೆಕ್ ನಟ್ ಬಿಗಿಯಿರಿ.

ಎಲ್ಲಕ್ಕಿಂತ ಮುಖ್ಯ, ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿದ ಮೇಲೆಯೇ ಸ್ಕ್ರೂ ಕೆಲಸ. ಒಣ ಬಾಕ್ಸಿನ ಸ್ಕ್ರೂ ಬಿಗಿದರೆ ಕ್ಯಾಮನ್ನು ಕೈಯಾರೆ ಅರೆದಂತೆಯೇ.

ಗ್ರೀಸ್ ಗನ್ನಿಗೆ ಕೆಲಸ ಇರುವ ಜಾಗ

ಗಾಡಿ ಎತ್ತಿರುವಾಗಲೇ ಡ್ರ್ಯಾಗ್ ಲಿಂಕ್, ಟೈ ರಾಡ್ ತುದಿ, ಬೆಲ್ ಕ್ರ್ಯಾಂಕ್ ನಿಪ್ಪಲ್ಲುಗಳನ್ನು ಒರೆಸಿ, ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ. ಇಲ್ಲಿಗೆ ಮಾಮೂಲಿ ಎಪಿ 3 ಗ್ರೀಸ್ ಸಾಕು. ನಿಪ್ಪಲ್ ತೆಗೆದುಕೊಳ್ಳದಿದ್ದರೆ ಬಿಚ್ಚಿ, ಡೀಸೆಲ್‌ನಲ್ಲಿ ನೆನೆಸಿ, ತಂತಿಯಿಂದ ಗುಂಡು ಒತ್ತಿ ನೋಡಿ. ಸರಿಯಾಗದಿದ್ದರೆ ಹೊಸದು ಹಾಕಿ. ಫೋರ್ ವ್ಹೀಲ್ ಜೀಪಿನಲ್ಲಿ ಮುಂದಿನ ಚಕ್ರದ ಒಳಗಡೆ ದುಂಡಗಿನ ನಕಲ್ ಇರುತ್ತದೆ. ಅದಕ್ಕೂ ಒಂದು ಪ್ಲಗ್ ಇದೆ. ಕಿಂಗ್ ಪಿನ್ ಬೇರಿಂಗುಗಳು ಅದರೊಳಗಿವೆ, ಅದನ್ನೂ ತೆಗೆದು ನೋಡಿ.

ಓಡಿಸಿ ನೋಡುವುದು

ಬಿಚ್ಚಿದ ಲಿಂಕುಗಳೆಲ್ಲ ಸೇರಿವೆಯಾ, ಸ್ಪ್ಲಿಟ್ ಪಿನ್ನುಗಳು ಹೊಸದಾಗಿ ಹಾಕಿದ್ದೀರಾ ನೋಡಿಕೊಳ್ಳಿ. ಹಳೇ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಮೊದಲು ಅಂಗಳದಲ್ಲೇ ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸಿ. ಆಮೇಲೆ ಜನವಿಲ್ಲದ ನೇರ ರಸ್ತೆ. ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬಾರದೆ ಅಲ್ಲೇ ನಿಂತರೆ ಸ್ಕ್ರೂ ಬಿಗಿ ಜಾಸ್ತಿಯಾಗಿದೆ. ಸ್ವಲ್ಪ ಸಡಿಲಿಸಿ. ಇದು ಸರಿಯಾಗುವ ತನಕ ಘಾಟಿ ಬೇಡ.

ಒಂದು ವಾರ ಓಡಿಸಿದ ಮೇಲೆ ಬಿರಡೆ ತೆಗೆದು ಮಟ್ಟ ನೋಡಿ, ಚೆಕ್ ನಟ್, ಡ್ರಾಪ್ ಆರ್ಮ್ ನಟ್, ಬಾಕ್ಸಿನ ಬೋಲ್ಟು ಮೂರಕ್ಕೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮಳೆಗಾಲದಲ್ಲಿ ಹಳ್ಳದ ನೀರು ಚಕ್ರದ ಅರ್ಧಕ್ಕಿಂತ ಮೇಲೆ ಬಂದ ಜಾಗ ದಾಟಿದ್ದರೆ ಆ ವಾರವೇ ತಂತಿ ಇಳಿಸಿ ಆಯಿಲ್ಲಿನ ಬಣ್ಣ ನೋಡಿ.